ಡಬ್ಬಿ ತುಂಬ ನೊಣ, ಹಣ್ಣಿನ ತುಂಬ ಹುಳ: ಮಾವಿನ ಮೋಹಕ ಬಲೆ ಮಾಡುವ ಕೆಲಸ ಮತ್ತು ಮಾಡದ ಕೆಲಸ

ಶ್ರೀನಿವಾಸಪುರ ತಾಲ್ಲೂಕಿನ ಮಾವಿನ ತೋಪುಗಳಲ್ಲಿ ಏಪ್ರಿಲ್ ಕಳೆಯುವ ಹೊತ್ತಿಗೆ ಕೊಂಬೆಗಳಿಂದ ಪ್ಲಾಸ್ಟಿಕ್ ಡಬ್ಬಿಗಳು ತೂಗಾಡುತ್ತಿರುತ್ತವೆ. ಕೆಲವರು ಅಂಗಡಿಯಿಂದ ತಂದವನ್ನು ಕಟ್ಟಿದರೆ, ಕೆಲವರು ನೀರಿನ ಬಾಟಲಿಗೆ ತೂತು ಕೊರೆದು ತಾವೇ ಮಾಡಿಕೊಳ್ಳುತ್ತಾರೆ. ಒಳಗೆ ಮದ್ದಿನಲ್ಲಿ ನೆನೆಸಿದ ಒಂದು ಪ್ಲೈವುಡ್ ತುಂಡು ನೇತಾಡುತ್ತಿರುತ್ತದೆ, ತಳದಲ್ಲಿ ಸತ್ತ ನೊಣಗಳ ರಾಶಿ ಬಿದ್ದಿರುತ್ತದೆ. ಬಲೆ ಕಟ್ಟಿದ ಬೆಳೆಗಾರರು ಪ್ರತಿ ಹಂಗಾಮಿನಲ್ಲೂ ಕೇಳುವ ಪ್ರಶ್ನೆ ಒಂದೇ: ಡಬ್ಬಿ ತುಂಬುವಷ್ಟು ನೊಣ ಬಿದ್ದರೂ ಹಣ್ಣು ಕೊಯ್ದಾಗ ಒಳಗೆ ಹುಳ ಸಿಗುವುದು ಏಕೆ? ಬಲೆ ಕೆಟ್ಟಿದೆಯೋ, ಮದ್ದು ಕಲಬೆರಕೆಯೋ ಎಂಬ ಅನುಮಾನ ಸಹಜ. ಆದರೆ ಬಹುತೇಕ ಸಂದರ್ಭಗಳಲ್ಲಿ ಬಲೆ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿರುತ್ತದೆ. ಆ ಕೆಲಸ ಯಾವುದು ಎಂಬುದನ್ನು ನಮಗೆ ಯಾರೂ ಪೂರ್ತಿಯಾಗಿ ಹೇಳಿರುವುದಿಲ್ಲ.

ಡಬ್ಬಿಯ ತಳದಲ್ಲಿ ಬಿದ್ದಿರುವ ನೊಣಗಳನ್ನು ಬಿಳಿ ಕಾಗದದ ಮೇಲೆ ಸುರಿದು ನೋಡಬೇಕು. ಮನೆಯ ನೊಣಕ್ಕಿಂತ ತುಸು ದೊಡ್ಡದಾದ, ಸುಮಾರು 8 ಮಿಲಿಮೀಟರ್ ಉದ್ದದ ದೇಹ. ಎದೆಯ ಭಾಗ ಕಪ್ಪಾಗಿದ್ದು ಎರಡೂ ಪಕ್ಕದಲ್ಲಿ ಹಳದಿ ಪಟ್ಟಿ ಇರುತ್ತದೆ. ಕಂದು ಹೊಟ್ಟೆಯ ಮೇಲೆ ಇಂಗ್ಲಿಷಿನ ಟಿ ಅಕ್ಷರವನ್ನು ಹೋಲುವ ಕಪ್ಪು ಗುರುತು ಕಾಣುತ್ತದೆ. ಇದು ಬ್ಯಾಕ್ಟ್ರೊಸೆರಾ ಡಾರ್ಸಾಲಿಸ್ ಎಂಬ ಹಣ್ಣುನೊಣ. ಕೋಲಾರದ ಬೆಳೆಗಾರರು ಇದನ್ನು ಊಜಿ ಎಂದೇ ಕರೆಯುತ್ತಾರಾದರೂ ರೇಷ್ಮೆ ಹುಳುವನ್ನು ಕಾಡುವ ಊಜಿ ಬೇರೆಯೇ ಜಾತಿಯದು. ಕಾಗದದ ಮೇಲಿನ ಪ್ರತಿಯೊಂದು ನೊಣದ ಹೊಟ್ಟೆಯ ತುದಿಯನ್ನೂ ಭೂತಗನ್ನಡಿಯಲ್ಲಿ ಪರೀಕ್ಷಿಸಿದರೆ ತುದಿ ಮೊಂಡಾಗಿರುವುದು ಕಾಣುತ್ತದೆ. ಮೊಟ್ಟೆ ಇಡಲು ಬೇಕಾದ ಸೂಜಿಯಂಥ ಕೊಂಡಿ ಇವುಗಳಿಗಿಲ್ಲ, ಏಕೆಂದರೆ ಇವು ಹೆಚ್ಚುಕಡಿಮೆ ಎಲ್ಲವೂ ಗಂಡು ನೊಣಗಳು. ಕಾಯಿಗೆ ಚುಚ್ಚಿ ಮೊಟ್ಟೆ ಇಡುವುದು ಹೆಣ್ಣು, ಮತ್ತು ಹೆಣ್ಣು ಈ ಬಲೆಗೆ ಬರುವುದೇ ಇಲ್ಲ ಎನ್ನಬಹುದು.

ಗಂಡನ್ನು ಸೆಳೆಯುವ ವಸ್ತು ಮೀಥೈಲ್ ಯೂಜಿನಾಲ್. ಇದರ ಶೋಧ ನಡೆದದ್ದು ಭಾರತದಲ್ಲಿಯೇ. ಬಿಹಾರದ ಪೂಸಾದಲ್ಲಿದ್ದ ಕೃಷಿ ಸಂಶೋಧನಾ ಸಂಸ್ಥೆಯ ಕೀಟಶಾಸ್ತ್ರಜ್ಞ ಹೌಲೆಟ್ ಅವರು, ಸೊಳ್ಳೆ ಓಡಿಸಲು ಬಳಸುವ ಸಿಟ್ರೊನೆಲ್ಲಾ ಎಣ್ಣೆಗೆ ಹಣ್ಣುನೊಣಗಳು ಮುತ್ತುವುದನ್ನು, ಅವುಗಳಲ್ಲೂ ಗಂಡುಗಳು ಮಾತ್ರ ಮುತ್ತುವುದನ್ನು 1912ರಲ್ಲಿ ವರದಿ ಮಾಡಿದರು. ಆ ಎಣ್ಣೆಯೊಳಗಿನ ಯಾವ ಅಂಶ ಈ ಸೆಳೆತಕ್ಕೆ ಕಾರಣವೆಂದು ಹುಡುಕುತ್ತ ಹೋದ ಅವರು 1915ರಲ್ಲಿ ಮೀಥೈಲ್ ಯೂಜಿನಾಲನ್ನು ಗುರುತಿಸಿದರು. ನಮ್ಮ ಮನೆಯಂಗಳದ ತುಳಸಿಯಲ್ಲೂ ಈ ವಸ್ತು ಇದೆ. ಜಜ್ಜಿದ ತುಳಸಿ ಎಲೆಯನ್ನು ತೋಪಿನಲ್ಲಿಟ್ಟರೆ ಗಂಡು ನೊಣಗಳು ಬಂದು ಕೂರುವುದಕ್ಕೆ ಇದೇ ಕಾರಣ.

ಗಂಡು ನೊಣಕ್ಕೆ ಈ ವಾಸನೆಯ ಮೇಲೆ ಇಷ್ಟು ಹಂಬಲವೇಕೆ ಎಂಬುದು ಬಹುಕಾಲ ಬಿಡಿಸಲಾಗದ ಒಗಟಾಗಿತ್ತು. ಉತ್ತರ ಸ್ಪಷ್ಟವಾದದ್ದು 1980 ಮತ್ತು 90ರ ದಶಕಗಳಲ್ಲಿ. ಗಂಡು ಈ ವಸ್ತುವನ್ನು ಮೂಸಿ ಸುಮ್ಮನಾಗದೆ ನೆಕ್ಕಿ ತಿನ್ನುತ್ತದೆ. ತಿಂದ ಮೀಥೈಲ್ ಯೂಜಿನಾಲ್ ಅದರ ದೇಹದಲ್ಲಿ ಬೇರೆ ಎರಡು ರಾಸಾಯನಿಕಗಳಾಗಿ ಮಾರ್ಪಟ್ಟು ಗುದದ್ವಾರದ ಬಳಿಯ ಗ್ರಂಥಿಯಲ್ಲಿ ಶೇಖರವಾಗುತ್ತದೆ. ಮುಸ್ಸಂಜೆಯಲ್ಲಿ, ಬೆಳಕು ಇಳಿಯುವ ಹೊತ್ತಿನಲ್ಲಿ, ಗಂಡುಗಳು ಎಲೆಗಳ ಮೇಲೆ ಕೂತು ರೆಕ್ಕೆ ಬಡಿಯುತ್ತ ಆ ಗ್ರಂಥಿಯ ವಾಸನೆಯನ್ನು ಗಾಳಿಗೆ ಬಿಡುತ್ತವೆ, ಹೆಣ್ಣುಗಳು ಅದನ್ನು ಹಿಡಿದು ಬರುತ್ತವೆ. ಮೀಥೈಲ್ ಯೂಜಿನಾಲ್ ತಿಂದ ಗಂಡು, ತಿನ್ನದ ಗಂಡಿಗಿಂತ ಹೆಚ್ಚು ಹೆಣ್ಣುಗಳೊಡನೆ ಕೂಡುತ್ತದೆಂದು ಹವಾಯಿಯಲ್ಲಿ ನಡೆದ ಪ್ರಯೋಗಗಳು ತೋರಿಸಿಕೊಟ್ಟವು. ಹಾಗಾಗಿ ಇದು ಗಂಡಿನ ಪಾಲಿಗೆ ಹೊಟ್ಟೆಪಾಡಿನ ಪ್ರಶ್ನೆಯಲ್ಲ, ವಂಶ ಬೆಳೆಸುವ ಪ್ರಶ್ನೆ. ಕೆಲವು ಕಾಡು ಸೀತಾಳೆ ಹೂವುಗಳು ಇದೇ ವಸ್ತುವನ್ನು ಸೂಸಿ ಗಂಡು ನೊಣಗಳನ್ನು ಬರಮಾಡಿಕೊಂಡು ಅವುಗಳಿಂದ ಪರಾಗಸ್ಪರ್ಶ ಮಾಡಿಸಿಕೊಳ್ಳುತ್ತವೆ. ಈ ವಾಸನೆಯನ್ನು ಗುರುತಿಸುವ ಗ್ರಾಹಕವೊಂದು ನೊಣದ ಮೀಸೆಗಳಲ್ಲಿರುವುದನ್ನು 2018ರಲ್ಲಿ ಚೀನಾದ ಸಂಶೋಧಕರು ಪ್ರಕಟಿಸಿದರು. ಆ ಗ್ರಾಹಕವನ್ನು ರೂಪಿಸುವ ಜೀನಿನ ಕೆಲಸವನ್ನು ಕುಗ್ಗಿಸಿದಾಗ ಗಂಡುಗಳಿಗೆ ಮೀಥೈಲ್ ಯೂಜಿನಾಲಿನ ಕಡೆಗಿದ್ದ ಸೆಳೆತವೂ ಕುಗ್ಗಿತು.

ಈಗ ಬಲೆಯ ಲೆಕ್ಕಕ್ಕೆ ಬರೋಣ. ಒಂದು ತೋಪಿನಲ್ಲಿ ನೂರು ಗಂಡು, ನೂರು ಹೆಣ್ಣು ಇವೆ ಎಂದು ಇಟ್ಟುಕೊಳ್ಳಿ. ಬಲೆಗಳು ತೊಂಬತ್ತು ಗಂಡುಗಳನ್ನು ಹಿಡಿದವು. ಡಬ್ಬಿ ನೋಡಿದವರಿಗೆ ಸಂತೋಷವಾಗುವಷ್ಟು ನೊಣ ಬಿತ್ತು. ಆದರೆ ಉಳಿದ ಹತ್ತು ಗಂಡುಗಳಲ್ಲಿ ಪ್ರತಿಯೊಂದೂ ಹಲವು ಹೆಣ್ಣುಗಳೊಡನೆ ಕೂಡಬಲ್ಲದು. ಒಮ್ಮೆ ಕೂಡಿದ ಹೆಣ್ಣು ವೀರ್ಯವನ್ನು ತನ್ನ ದೇಹದೊಳಗಿನ ಚೀಲದಲ್ಲಿ ಕಾಪಿಟ್ಟುಕೊಂಡು ದಿನಗಟ್ಟಲೆ ಫಲಿತ ಮೊಟ್ಟೆಗಳನ್ನು ಇಡುತ್ತ ಹೋಗುತ್ತದೆ. ಅನುಕೂಲವಾದ ಹವೆಯಲ್ಲಿ ಒಂದು ಹೆಣ್ಣು ತನ್ನ ಜೀವಿತದಲ್ಲಿ ಸಾವಿರಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ಹೀಗಾಗಿ ಗಂಡುಗಳ ಸಂಖ್ಯೆ ಹತ್ತರಲ್ಲೊಂದು ಪಾಲಿಗೆ ಇಳಿದರೂ ಮೊಟ್ಟೆಯ ಸಂಖ್ಯೆ ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಗಂಡುಗಳು ಹೆಚ್ಚುಕಡಿಮೆ ನಿರ್ನಾಮವಾದಾಗ ಮಾತ್ರ, ಹೆಣ್ಣುಗಳಿಗೆ ಜೋಡಿಯೇ ಸಿಗದಂತಾದಾಗ ಮಾತ್ರ, ಈ ವಿಧಾನದ ನಿಜವಾದ ಫಲ ಕಾಣುತ್ತದೆ. ಇದರ ಹೆಸರೇ ಗಂಡು ನಿರ್ಮೂಲನ ವಿಧಾನ.

ಆ ಮಟ್ಟದ ಯಶಸ್ಸು ಸಾಧ್ಯವೆಂಬುದಕ್ಕೆ ಪುರಾವೆ ಇದೆ. ಶಾಂತಸಾಗರದ ರೋಟಾ ಎಂಬ ಪುಟ್ಟ ದ್ವೀಪದಲ್ಲಿ 1960ರ ದಶಕದಲ್ಲಿ ಮೀಥೈಲ್ ಯೂಜಿನಾಲ್ ಮತ್ತು ಕೀಟನಾಶಕದಲ್ಲಿ ನೆನೆಸಿದ ಹಲಗೆ ತುಂಡುಗಳನ್ನು ವಿಮಾನದಿಂದ ಉದುರಿಸಿ ಹಣ್ಣುನೊಣವನ್ನು ಪೂರ್ತಿಯಾಗಿ ತೊಡೆದುಹಾಕಲಾಯಿತು. ಜಪಾನಿನ ಒಕಿನಾವಾ ಮತ್ತು ಅದರ ಸುತ್ತಲಿನ ದ್ವೀಪಗಳು 1986ರ ಹೊತ್ತಿಗೆ ಇದೇ ಮಾರ್ಗದಿಂದ ಈ ನೊಣದ ಕಾಟದಿಂದ ಪಾರಾದವು. ಆದರೆ ಇವೆಲ್ಲ ಸಮುದ್ರದ ನಡುವಿನ ದ್ವೀಪಗಳು, ಹೊರಗಿನಿಂದ ಹೊಸ ನೊಣ ಹಾರಿ ಬರುವ ದಾರಿ ಅಲ್ಲಿ ಬಹಳ ಕಡಿಮೆ. ಶ್ರೀನಿವಾಸಪುರದಲ್ಲಿ ಒಬ್ಬರ ತೋಪಿಗೂ ಪಕ್ಕದವರ ತೋಪಿಗೂ ನಡುವೆ ಇರುವುದು ಒಂದು ಬದು. ಬಲೆ ಕಟ್ಟದ ಪಕ್ಕದ ತೋಪಿನಲ್ಲಿ ಕೂಡಿ ಬಂದ ಹೆಣ್ಣು ಬದು ದಾಟಿ ಈ ತೋಪಿನ ಬೇನಿಷಾ ತಳಿಯ ಮಾವಿಗೆ ಚುಚ್ಚಿದರೆ, ಇಲ್ಲಿ ಹಿಡಿದ ಗಂಡುಗಳ ಲೆಕ್ಕ ಅದಕ್ಕೆ ಯಾವ ಅಡ್ಡಿಯನ್ನೂ ಮಾಡುವುದಿಲ್ಲ. ಒಂಟಿ ತೋಪಿನ ಬಲೆ ಎಂದರೆ ಇಡೀ ಊರಿನಲ್ಲಿ ಒಂದೇ ಬೀದಿಗೆ ಸೊಳ್ಳೆ ಹೊಗೆ ಹಾಕಿದಂತೆ. ಹತ್ತಿಪ್ಪತ್ತು ಬೆಳೆಗಾರರು ಸೇರಿ, ಅಕ್ಕಪಕ್ಕದ ತೋಪುಗಳಲ್ಲೆಲ್ಲ ಒಂದೇ ವಾರದಲ್ಲಿ ಬಲೆ ಕಟ್ಟಿದರೆ ಸಿಗುವ ಫಲಕ್ಕೂ ಒಬ್ಬರೇ ಕಟ್ಟಿದರೆ ಸಿಗುವ ಫಲಕ್ಕೂ ಅಜಗಜಾಂತರ. ನನ್ನ ಮಟ್ಟಿಗೆ, ಬಲೆಗೆ ಕೊಡುವ ಸಹಾಯಧನವನ್ನು ಬಿಡಿ ಬೆಳೆಗಾರರಿಗೆ ಹಂಚುವುದಕ್ಕಿಂತ ಊರಿಡೀ ಒಟ್ಟಾಗಿ ಬಲೆ ಕಟ್ಟುವ ಗುಂಪುಗಳಿಗೆ ಕೊಡುವುದೇ ಸರಿಯಾದ ಕ್ರಮ.

ಸಮಯದ ವಿಚಾರವೂ ಅಷ್ಟೇ ಮುಖ್ಯ. ಪ್ರಾಯಕ್ಕೆ ಬಂದ ಗಂಡು ಮಾತ್ರ ಮೀಥೈಲ್ ಯೂಜಿನಾಲಿನ ಕಡೆಗೆ ಬರುತ್ತದೆ. ಮಣ್ಣಿನಿಂದ ಎದ್ದ ಮರುದಿನವೇ ಬರುವುದಿಲ್ಲ. ಹಣ್ಣು ಬಣ್ಣ ತಿರುಗಿದ ಮೇಲೆ, ಮಂಡಿಯಲ್ಲಿ ಹುಳದ ಮಾಲು ಎಂದು ಬೆಲೆ ಇಳಿಸಿದ ಮೇಲೆ ಬಲೆ ಕಟ್ಟಿದರೆ, ಕೂಡಿಕೆ ಮುಗಿಸಿದ ಗಂಡುಗಳನ್ನು ಹಿಡಿದಂತಾಗುತ್ತದೆಯೇ ಹೊರತು ಮೊಟ್ಟೆ ತಪ್ಪುವುದಿಲ್ಲ. ಕೊಯ್ಲಿಗೆ ಒಂದೂವರೆ ಎರಡು ತಿಂಗಳ ಮೊದಲೇ ಬಲೆಗಳು ಮರದಲ್ಲಿರಬೇಕು. ಪ್ಲೈವುಡ್ ತುಂಡನ್ನು ಆಲ್ಕೋಹಾಲ್, ಮೀಥೈಲ್ ಯೂಜಿನಾಲ್ ಮತ್ತು ಮೆಲಾಥಿಯಾನ್ ಎಂಬ ಕೀಟನಾಶಕವನ್ನು 6:4:1ರ ಪ್ರಮಾಣದಲ್ಲಿ ಬೆರೆಸಿದ ದ್ರಾವಣದಲ್ಲಿ ಮೂರು ದಿನ ನೆನೆಸುವುದು ನಮ್ಮ ದೇಶದಲ್ಲಿ ಬಳಕೆಯಲ್ಲಿರುವ ಕ್ರಮ. ಬಿಸಿಲಿಗೂ ಗಾಳಿಗೂ ವಾಸನೆ ಆರಿಹೋಗುವುದರಿಂದ ಹಂಗಾಮಿನ ನಡುವೆ ತುಂಡನ್ನು ಬದಲಿಸಲೇಬೇಕಾಗುತ್ತದೆ. ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2023ರಲ್ಲಿ ಮೀಥೈಲ್ ಯೂಜಿನಾಲನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಂಭವ ಹೆಚ್ಚಿರುವ ವಸ್ತುಗಳ ಗುಂಪಿಗೆ ಸೇರಿಸಿದೆ. ಬರಿಗೈಯಲ್ಲಿ ತುಂಡುಗಳನ್ನು ಅದ್ದಿ ತೆಗೆಯುವುದು, ಅಡುಗೆಮನೆಯ ಪಾತ್ರೆಯಲ್ಲಿ ದ್ರಾವಣ ಕಲಸುವುದು ಬೇಡವೇ ಬೇಡ. ಕೈಗವಸು ತೊಟ್ಟು, ಬಯಲಿನಲ್ಲಿ, ಮಕ್ಕಳಿಂದ ದೂರದಲ್ಲಿ ಈ ಕೆಲಸ ಮಾಡಬೇಕು.

ಬಲೆ ಯಾವ ನೊಣಕ್ಕೆ ಎಂಬುದನ್ನು ತಿಳಿಯದೆ ಹಣ ಕಳೆದುಕೊಳ್ಳುವವರೂ ಇದ್ದಾರೆ. ಹಾಗಲ, ಹೀರೆ, ಸೌತೆ ಬೆಳೆಗಳಿಗೆ ಬೀಳುವುದು ಬೇರೆ ಜಾತಿಯ ನೊಣ. ಅದರ ಗಂಡು ಕ್ಯೂಲೂರ್ ಎಂಬ ಬೇರೆ ವಸ್ತುವಿಗೆ ಬರುತ್ತದೆ. ಹಾಗಲದ ಚಪ್ಪರಕ್ಕೆ ಮಾವಿನ ಬಲೆ ಕಟ್ಟಿದರೆ ಪಕ್ಕದ ಸೀಬೆ, ಮಾವಿನ ಗಿಡಗಳ ನೊಣಗಳು ಬಂದು ಡಬ್ಬಿ ತುಂಬುತ್ತದೆ, ಹಾಗಲಕಾಯಿ ಮಾತ್ರ ಕೊಳೆಯುತ್ತಲೇ ಇರುತ್ತದೆ.

ಇನ್ನು ಹೆಣ್ಣಿನ ಕಡೆಗೆ ನೋಡಬೇಕು, ಏಕೆಂದರೆ ನಷ್ಟ ತರುವುದು ಅದೇ. ಬಲಿತ ಕಾಯಿಯ ಸಿಪ್ಪೆಗೆ ಕೊಂಡಿ ಚುಚ್ಚಿ, ಒಂದು ಮಿಲಿಮೀಟರ್ ಉದ್ದದ ಬಿಳಿ ಮೊಟ್ಟೆಗಳನ್ನು ಅದು ಗುಂಪಾಗಿ ಇಡುತ್ತದೆ. ಚುಚ್ಚಿದ ಜಾಗದಲ್ಲಿ ಸೊನೆ ಒಸರಿ ಒಣಗಿ ಒಂದು ಚುಕ್ಕೆ ಉಳಿಯುತ್ತದೆ. ಅನುಭವವಿಲ್ಲದ ಕಣ್ಣಿಗೆ ಅದು ಬೀಳುವುದೇ ಇಲ್ಲ. ಒಂದೆರಡು ದಿನದಲ್ಲಿ ಮೊಟ್ಟೆ ಒಡೆದು ಹುಳ ತಿರುಳಿಗೆ ಇಳಿಯುತ್ತದೆ. ಆ ಮೇಲೆ ಕಾಯಿಯ ಮೇಲೆ ಎಷ್ಟೇ ಔಷಧಿ ಹೊಡೆದರೂ ಒಳಗಿನ ಹುಳಕ್ಕೆ ಅದು ತಲುಪುವುದು ಕಷ್ಟ, ಸಿಪ್ಪೆಯ ಮೇಲೆ ವಿಷ ಉಳಿಯುವುದಂತೂ ಖಂಡಿತ. ಕೊಯ್ಲಿನ ವಾರದಲ್ಲಿ ಬೆಳೆಗಾರರು ಆತಂಕದಿಂದ ಹೊಡೆಯುವ ಔಷಧಿಯ ಬಗ್ಗೆ ನನಗೆ ಇರುವ ದೊಡ್ಡ ಸಂಕಟ ಇದೇ: ಹುಳ ಉಳಿಯುತ್ತದೆ, ವಿಷ ತಿನ್ನುವವರ ಪಾಲಾಗುತ್ತದೆ.

ಹೆಣ್ಣು ಯಾವ ವಾಸನೆಯನ್ನು ನಂಬಿ ಮೊಟ್ಟೆ ಇಡುತ್ತದೆ ಎಂಬ ಬಗ್ಗೆ ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಮಹತ್ವದ ಕೆಲಸ ಮಾಡಿದ್ದಾರೆ. ಮಾವಿನ ಹಣ್ಣು ಸೂಸುವ ವಾಸನೆಗಳನ್ನು ಬಿಡಿಸಿ ಒಂದೊಂದನ್ನೇ ಗರ್ಭ ಧರಿಸಿದ ಹೆಣ್ಣಿಗೆ ಒಡ್ಡಿ ನೋಡಿದಾಗ, ಗಾಮಾ ಆಕ್ಟಾಲ್ಯಾಕ್ಟೋನ್ ಎಂಬ ವಸ್ತು ಹೆಣ್ಣನ್ನು ಮೊಟ್ಟೆ ಇಡುವಂತೆ ಪ್ರಚೋದಿಸುತ್ತದೆಂದು ಅವರು 2014ರಲ್ಲಿ ಪ್ರಕಟಿಸಿದರು. ಇದು ಕಲಿತು ಬಂದ ವರ್ತನೆಯಲ್ಲ, ಹುಟ್ಟಿನಿಂದಲೇ ಬಂದದ್ದು ಎಂಬುದು ಆ ಸಂಶೋಧನೆಯ ತಿರುಳು. ಇದಕ್ಕೆ ಎದುರಾದ ಇನ್ನೊಂದು ವಿದ್ಯಮಾನ 2020ರಲ್ಲಿ ಚೀನಾದಿಂದ ವರದಿಯಾಯಿತು. ಈಗಾಗಲೇ ಮೊಟ್ಟೆ ಬಿದ್ದ ಹಣ್ಣಿಗೆ ಬೇರೆ ಹೆಣ್ಣುಗಳು ಮೊಟ್ಟೆ ಇಡಲು ಹಿಂಜರಿಯುತ್ತವೆ. ಇದರ ಹಿಂದೆ ಮೊಟ್ಟೆಯ ಮೈಮೇಲೆ ಅಂಟಿ ಬರುವ ಬ್ಯಾಕ್ಟೀರಿಯಾಗಳ ಕೈವಾಡವಿದೆ. ಅವು ಸೇರಿದ ಹಣ್ಣಿನಲ್ಲಿ ಬೀಟಾ ಕ್ಯಾರಿಯೋಫಿಲೀನ್ ಎಂಬ ವಾಸನೆ ಹೆಚ್ಚಾಗಿ, ಈ ಜಾಗ ಭರ್ತಿಯಾಗಿದೆ ಎಂಬ ಸೂಚನೆ ಹೆಣ್ಣಿಗೆ ಮುಟ್ಟುತ್ತದೆ. ಒಂದು ವಾಸನೆ ಕರೆಯುತ್ತದೆ, ಇನ್ನೊಂದು ದೂರವಿಡುತ್ತದೆ. ಇವೆರಡನ್ನೂ ಬಳಸಿ ಹೆಣ್ಣನ್ನು ಹಣ್ಣಿನಿಂದ ಬಲೆಯತ್ತ ತಿರುಗಿಸಬಹುದೆಂಬುದು ಸಂಶೋಧಕರ ಆಸೆ. ಅದು ಸುಲಭವಲ್ಲ, ಏಕೆಂದರೆ ಬಲೆಯೊಳಗಿನ ಒಂದು ಹನಿ ವಾಸನೆ ಮರದ ತುಂಬ ತೂಗುತ್ತಿರುವ ನೂರಾರು ನಿಜವಾದ ಹಣ್ಣುಗಳೊಡನೆ ಸ್ಪರ್ಧಿಸಬೇಕು. ಗಂಡಿಗೆ ಮೀಥೈಲ್ ಯೂಜಿನಾಲ್ ಇರುವಂತೆ ಹೆಣ್ಣಿಗೆ ಅಷ್ಟೇ ಪ್ರಬಲವಾದ ಒಂದು ಸೆಳೆಗೋಲು ಇನ್ನೂ ಮಾರುಕಟ್ಟೆಗೆ ಬಾರದಿರುವುದಕ್ಕೆ ಇದೂ ಒಂದು ಕಾರಣ.

ಸದ್ಯಕ್ಕೆ ಹೆಣ್ಣಿನ ವಿಷಯದಲ್ಲಿ ನಮಗಿರುವ ಹಿಡಿತ ಅದರ ಹಸಿವು. ಮೊಟ್ಟೆ ಕಟ್ಟಲು ಹೆಣ್ಣಿಗೆ ಪ್ರೋಟೀನ್ ಬೇಕು, ಹೂವಿನ ಸಿಹಿಯೊಂದೇ ಸಾಲದು. ಪ್ರೋಟೀನ್ ದ್ರಾವಣಕ್ಕೆ ಅಲ್ಪ ಪ್ರಮಾಣದ ಕೀಟನಾಶಕ ಬೆರೆಸಿ, ಕಾಯಿಗೆ ತಾಗದಂತೆ ಮರದ ಬೊಡ್ಡೆಗೋ ಕೆಳಗಿನ ಎಲೆಗಳಿಗೋ ಅಲ್ಲಲ್ಲಿ ಚಿಮುಕಿಸಿದರೆ ಹೆಣ್ಣು, ಗಂಡು ಎರಡೂ ತಿನ್ನಲು ಬಂದು ಸಾಯುತ್ತವೆ. ನಮ್ಮಲ್ಲಿ ಬೆಲ್ಲದ ನೀರಿಗೆ ಔಷಧಿ ಬೆರೆಸುವ ರೂಢಿಯಿದೆ. ಬೆಲ್ಲದಲ್ಲಿ ಸಿಹಿ ಇದೆಯೇ ಹೊರತು ಹೆಣ್ಣಿಗೆ ಬೇಕಾದ ಪ್ರೋಟೀನ್ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಪ್ರೋಟೀನ್ ಮಿಶ್ರಣಕ್ಕೆ ಬರುವಷ್ಟು ಹೆಣ್ಣುಗಳು ಬೆಲ್ಲದ ನೀರಿಗೆ ಬರಲಾರವು.

ನೊಣದ ಬದುಕಿನಲ್ಲಿ ಅದು ಅತ್ಯಂತ ದುರ್ಬಲವಾಗಿರುವ ಗಳಿಗೆ ಮಾತ್ರ ನೆಲದ ಮೇಲಿದೆ. ಮೇ ಕೊನೆಯ ಮಳೆ ಬಿದ್ದ ಬೆಳಿಗ್ಗೆ ಮರದಡಿಯಲ್ಲಿ ಉದುರಿದ ಒಂದು ಹಣ್ಣನ್ನು ಸೀಳಿ ನೋಡಿ. ಕಂದಿದ ತಿರುಳಿನಲ್ಲಿ ಅಕ್ಕಿಕಾಳಿಗಿಂತ ತುಸು ಉದ್ದದ, ಕೆನೆಬಣ್ಣದ ಹುಳಗಳು ಒದ್ದಾಡುತ್ತಿರುತ್ತವೆ. ಬಲಿತ ಹುಳವನ್ನು ಅಂಗೈ ಮೇಲೆ ಹಾಕಿಕೊಂಡರೆ ಅದು ತಲೆಯನ್ನೂ ಬಾಲವನ್ನೂ ಒಂದುಗೂಡಿಸಿ ಬಿಲ್ಲಿನಂತೆ ಬಾಗಿ, ಥಟ್ಟನೆ ಬಿಡಿಸಿಕೊಂಡು ದೂರಕ್ಕೆ ಚಿಮ್ಮುತ್ತದೆ. ಹಣ್ಣಿನಿಂದ ಹೊರಬಿದ್ದು ಮಣ್ಣು ಸೇರಲು ಅದು ಬಳಸುವ ಉಪಾಯ ಇದು. ಮಣ್ಣಿನೊಳಗೆ ಕೆಲವೇ ಸೆಂಟಿಮೀಟರ್ ಆಳದಲ್ಲಿ ಕೋಶವಾಗಿ, ಬೆಚ್ಚನೆಯ ಹವೆಯಲ್ಲಿ ಹತ್ತು ಹನ್ನೆರಡು ದಿನಕ್ಕೆ ಹೊಸ ನೊಣವಾಗಿ ಮೇಲೇಳುತ್ತದೆ. ಹಣ್ಣು ಉದುರಿದ ದಿನವೇ ಅದನ್ನು ಆರಿಸಿಬಿಟ್ಟರೆ ಆ ಹಣ್ಣಿನೊಳಗಿನ ಅಷ್ಟೂ ಹುಳಗಳು, ಗಂಡು ಹೆಣ್ಣೆಂಬ ಭೇದವಿಲ್ಲದೆ, ಮುಂದಿನ ತಲೆಮಾರಿನಿಂದ ಕಳೆದುಹೋಗುತ್ತವೆ. ನೂರು ಗಂಡು ಹಿಡಿಯುವ ಬಲೆಗಿಂತ ಒಂದು ಬುಟ್ಟಿ ಉದುರಿದ ಹಣ್ಣು ಹೆಚ್ಚಿನ ಫಲ ಕೊಡಬಲ್ಲದು.

ಆದರೂ ಈ ಕೆಲಸ ನಡೆಯುವುದು ಅಪರೂಪ. ಇದಕ್ಕೆ ಕಾರಣ ಸೋಮಾರಿತನ ಎನ್ನುವುದು ಅನ್ಯಾಯದ ಮಾತು. ನಮ್ಮ ಕಡೆ ಎಷ್ಟೋ ತೋಪುಗಳು ಹೂ ಬಿಟ್ಟಾಗಲೇ ವ್ಯಾಪಾರಿಗಳಿಗೆ ಗುತ್ತಿಗೆಗೆ ಹೋಗಿರುತ್ತವೆ. ಗುತ್ತಿಗೆ ಹಿಡಿದವರಿಗೆ ಈ ವರ್ಷದ ಫಸಲು ಮುಖ್ಯ, ಮಣ್ಣಿನಲ್ಲಿ ಉಳಿಯುವ ಕೋಶ ಅವರ ತಲೆನೋವಲ್ಲ. ತೋಪಿನ ಯಜಮಾನರಿಗೆ ಫಸಲು ಕೈಬಿಟ್ಟಿರುವುದರಿಂದ ಕೂಲಿ ಕೊಟ್ಟು ಕೊಳೆತ ಹಣ್ಣು ಆರಿಸುವ ಉತ್ಸಾಹವಿರುವುದಿಲ್ಲ. ಗುತ್ತಿಗೆಯ ಮಾತುಕತೆಯಲ್ಲೇ ಉದುರಿದ ಹಣ್ಣು ಯಾರು ಆರಿಸಬೇಕೆಂಬ ಷರತ್ತು ಸೇರಿದರೆ ಕೋಲಾರ ಜಿಲ್ಲೆಯ ಹಣ್ಣುನೊಣದ ಸಮಸ್ಯೆ ಎಷ್ಟೋ ಹಗುರವಾಗುತ್ತದೆಂದು ನಾನು ದೃಢವಾಗಿ ನಂಬಿದ್ದೇನೆ. ಆರಿಸಿದ ಹಣ್ಣನ್ನು ತಿಪ್ಪೆಗೆ ಎಸೆದರೆ ಪ್ರಯೋಜನವಿಲ್ಲ, ಹುಳ ಅಲ್ಲೇ ಮಣ್ಣು ಸೇರುತ್ತದೆ. ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬಿಸಿಲಿಗೆ ಇಡುವುದು ಸುಲಭದ ದಾರಿ. ಹವಾಯಿಯಲ್ಲಿ ಇದನ್ನು ಇನ್ನಷ್ಟು ಜಾಣ್ಮೆಯಿಂದ ಮಾಡಿದ್ದಾರೆ: ಕೊಳೆತ ಹಣ್ಣನ್ನು ಸಣ್ಣ ಗುಡಾರದಂಥ ಪರದೆಯೊಳಗೆ ಹಾಕುತ್ತಾರೆ. ಪರದೆಯ ಕಣ್ಣುಗಳಲ್ಲಿ ನೊಣ ತೂರಲಾರದು, ಆದರೆ ನೊಣದ ಮೊಟ್ಟೆ ಮತ್ತು ಹುಳಗಳ ಮೇಲೆ ಬದುಕುವ ಪುಟ್ಟ ಪರಾವಲಂಬಿ ಕಣಜ ತೂರಿ ಹೊರಬರುತ್ತದೆ. ಶತ್ರು ಒಳಗೇ ಸಾಯುತ್ತದೆ, ಮಿತ್ರ ತೋಟಕ್ಕೆ ಮರಳುತ್ತದೆ.

ಹೊರದೇಶಗಳು ಈ ನೊಣಕ್ಕೆ ಎಷ್ಟು ಹೆದರುತ್ತವೆ ಎಂಬುದು ನಮ್ಮ ಬೆಳೆಗಾರರ ಆದಾಯಕ್ಕೆ ನೇರವಾಗಿ ತಟ್ಟುವ ವಿಷಯ. ಜಪಾನ್ 1986ರಲ್ಲಿ ನಿಲ್ಲಿಸಿದ್ದ ಭಾರತದ ಮಾವನ್ನು ಮತ್ತೆ ಬರಮಾಡಿಕೊಂಡದ್ದು 2006ರಲ್ಲಿ. ಐರೋಪ್ಯ ಒಕ್ಕೂಟವು 2014ರ ಮೇ ತಿಂಗಳಿನಿಂದ ನಮ್ಮ ಮಾವನ್ನೂ ಹಾಗಲದಂಥ ಕೆಲವು ತರಕಾರಿಗಳನ್ನೂ ತಡೆಹಿಡಿದು, ಮಾವಿನ ಮೇಲಿನ ನಿಷೇಧವನ್ನು 2015ರ ಜನವರಿಯಲ್ಲಿ ತೆಗೆಯಿತು. ಈಗ ಯುರೋಪಿಗೆ ಹೋಗುವ ಹಣ್ಣನ್ನು 48 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಒಂದು ಗಂಟೆ ಇಡುವ ಕ್ರಮವಿದೆ. ಅಮೆರಿಕಕ್ಕೆ ಹೋಗುವ ಹಣ್ಣಿಗೆ 400 ಗ್ರೇ ಪ್ರಮಾಣದ ವಿಕಿರಣ ಕೊಡಬೇಕು. ಕೋಲಾರ ಜಿಲ್ಲೆಯ ಮಾಲೂರಿನಲ್ಲೇ ಅಂಥ ವಿಕಿರಣ ಘಟಕವಿದೆ. ಈ ವಿಕಿರಣ ಒಳಗಿನ ಹುಳವನ್ನು ಕೂಡಲೇ ಕೊಲ್ಲುತ್ತದೆ ಎಂದಲ್ಲ; ಹುಳ ರೆಕ್ಕೆ ಬಂದ ನೊಣವಾಗಿ ವಂಶ ಬೆಳೆಸದಂತೆ ತಡೆಯುತ್ತದೆ.

ವಿಕಿರಣದ ಈ ಗುಣವನ್ನೇ ಬೇರೆ ದಿಕ್ಕಿನಿಂದ ಬಳಸುವ ವಿಧಾನ ಬಂಜೆ ಕೀಟ ತಂತ್ರ. ಪ್ರಯೋಗಾಲಯದಲ್ಲಿ ಲಕ್ಷಗಟ್ಟಲೆ ನೊಣ ಸಾಕಿ, ಕೋಶದ ಹಂತದಲ್ಲಿ ವಿಕಿರಣ ಕೊಟ್ಟು ಬಂಜೆಯಾಗಿಸಿದ ಗಂಡುಗಳನ್ನು ಹೊರಗೆ ಬಿಡುತ್ತಾರೆ. ಅವುಗಳೊಡನೆ ಕೂಡಿದ ಹೆಣ್ಣಿನ ಮೊಟ್ಟೆ ಒಡೆಯುವುದಿಲ್ಲ. ದನಕರುಗಳ ಗಾಯಕ್ಕೆ ಬೀಳುವ ಒಂದು ಬಗೆಯ ನೊಣವನ್ನು 1954ರಲ್ಲಿ ಕುರಸಾವ್ ದ್ವೀಪದಿಂದ ಅಳಿಸಿದ್ದು ಈ ತಂತ್ರವೇ, ಒಕಿನಾವಾದ ತರಕಾರಿ ನೊಣವನ್ನು 1993ರ ಹೊತ್ತಿಗೆ ಅಳಿಸಿದ್ದೂ ಇದೇ. ಇದರಲ್ಲಿದ್ದ ದೊಡ್ಡ ತೊಡಕು ಗಂಡು ಹೆಣ್ಣುಗಳನ್ನು ಬೇರ್ಪಡಿಸುವುದು. ಥಾಯ್ಲೆಂಡಿನಲ್ಲಿ ಮಾವಿನ ನೊಣದ ಒಂದು ವಿಶೇಷ ತಳಿಯನ್ನು ರೂಪಿಸಿದರು. ಅದರಲ್ಲಿ ಗಂಡಿನ ಕೋಶ ಕಂದು, ಹೆಣ್ಣಿನದು ಬಿಳಿ, ಹಾಗಾಗಿ ಬಣ್ಣ ನೋಡಿಯೇ ವಿಂಗಡಿಸಬಹುದು. ಆ ಬಿಳಿ ಬಣ್ಣಕ್ಕೆ ಕಾರಣವಾದ ಜೀನ್ ಯಾವುದೆಂಬುದು 2021ರಲ್ಲಿ ಪತ್ತೆಯಾಯಿತು. ಮೂರು ಬೇರೆ ಬೇರೆ ಜಾತಿಯ ಹಣ್ಣುನೊಣಗಳಲ್ಲಿ ಒಂದೇ ಜೀನು ಕೆಟ್ಟಾಗ ಕೋಶ ಬಿಳಿಯಾಗುತ್ತದೆಂದು ತಿಳಿದದ್ದರಿಂದ, ಬೇರೆ ಜಾತಿಗಳಲ್ಲೂ ಇಂಥ ತಳಿ ರೂಪಿಸುವ ದಾರಿ ತೆರೆದಿದೆ.

ಬಂಜೆ ಗಂಡುಗಳನ್ನು ಬಿಡುವ ತೋಟದಲ್ಲಿ ಮೀಥೈಲ್ ಯೂಜಿನಾಲ್ ಬಲೆಯೂ ಇದ್ದರೆ ಬಿಟ್ಟ ಗಂಡುಗಳೇ ಬಲೆಗೆ ಬಿದ್ದುಹೋಗುವುದಿಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ಪರಿಹಾರ ನೊಣದ ಸ್ವಭಾವದಲ್ಲೇ ಇದೆ. ಒಮ್ಮೆ ಹೊಟ್ಟೆ ತುಂಬ ಮೀಥೈಲ್ ಯೂಜಿನಾಲ್ ತಿಂದ ಗಂಡಿಗೆ ಮತ್ತೆ ಅದರ ಮೇಲಿನ ಆಸೆ ಕಡಿಮೆಯಾಗುತ್ತದೆ. ಬಿಡುವ ಮೊದಲೇ ತಿನ್ನಿಸಿದರೆ ಬಂಜೆ ಗಂಡು ಬಲೆಯತ್ತ ಹೆಚ್ಚಾಗಿ ಹೋಗುವುದಿಲ್ಲ, ಹೆಣ್ಣಿನ ಮುಂದೆ ಅದರ ಆಕರ್ಷಣೆಯೂ ಹೆಚ್ಚುತ್ತದೆ. ಕಾಡಿನ ಗಂಡುಗಳು ಮಾತ್ರ ಬಲೆಗೆ ಬೀಳುತ್ತವೆ. ಜೊತೆಗೆ ಬಲೆಯೊಂದನ್ನೇ ನೆಚ್ಚುವುದರ ಅಪಾಯವನ್ನೂ ಸಂಶೋಧಕರು ತೋರಿಸಿದ್ದಾರೆ. ಮೀಥೈಲ್ ಯೂಜಿನಾಲಿಗೆ ಬಾರದ ಗಂಡುಗಳಿಂದಲೇ ತಲೆಮಾರುಗಳನ್ನು ಬೆಳೆಸುತ್ತ ಹೋದಾಗ ಆ ವಾಸನೆಗೆ ಓಗೊಡದ ಗಂಡುಗಳ ಪಾಲು ಹೆಚ್ಚುತ್ತ ಹೋದದ್ದು ಪ್ರಯೋಗಾಲಯದಲ್ಲಿ ಕಂಡಿದೆ.

ನೀಲಂ ತಳಿಯ ಮಾವಿನ ಕೊಯ್ಲು ಮುಗಿದ ಮೇಲೆ ತೋಪು ಖಾಲಿಯಾದಂತೆ ಕಾಣುತ್ತದೆ, ಬಹಳ ಮಂದಿ ಬಲೆಗಳನ್ನು ಬಿಚ್ಚಿಡುತ್ತಾರೆ. ಆದರೆ ಈ ನೊಣ 300ಕ್ಕೂ ಹೆಚ್ಚು ಬಗೆಯ ಗಿಡಮರಗಳ ಹಣ್ಣಿನಲ್ಲಿ ಬದುಕಬಲ್ಲದು. ಮಾವು ಮುಗಿದರೆ ಬೇಲಿಯ ಸೀಬೆಗೆ, ಹಿತ್ತಲಿನ ಸಪೋಟಕ್ಕೆ ಅದು ಸರಿದುಕೊಳ್ಳುತ್ತದೆ. ಚಳಿಗಾಲದಲ್ಲಿ ಸಂಖ್ಯೆ ತಗ್ಗಿ, ಬೇಸಿಗೆಯಲ್ಲಿ ಕಾಯಿ ಬಲಿಯುವ ಹೊತ್ತಿಗೆ ಮತ್ತೆ ಏರುತ್ತದೆ. ಆದ್ದರಿಂದ ಜುಲೈ ಮುಗಿದ ಮೇಲೆ ಮರದ ಬುಡದ ಮಣ್ಣನ್ನು ಒಮ್ಮೆ ಉತ್ತು ಕೋಶಗಳನ್ನು ಬಿಸಿಲಿಗೂ ಇರುವೆಗೂ ಒಡ್ಡಬೇಕು, ಬೇಲಿಯ ಸೀಬೆ ಹಣ್ಣನ್ನು ಉದುರಲು ಬಿಡದೆ ಕೀಳಬೇಕು. ಗಂಡುಗಳ ಸಂಖ್ಯೆ ಅತಿ ಕಡಿಮೆ ಇರುವ ಡಿಸೆಂಬರ್, ಜನವರಿಗಳಲ್ಲಿ ಊರಿನವರು ಒಟ್ಟಾಗಿ ಬಲೆ ಕಟ್ಟಿ ಇಟ್ಟರೆ, ಉಳಿದ ಕೆಲವೇ ಗಂಡುಗಳನ್ನು ಹಿಡಿದು ಹೆಣ್ಣುಗಳಿಗೆ ಜೋಡಿ ಸಿಗದಂತೆ ಮಾಡುವ ಅವಕಾಶ ವರ್ಷದ ಬೇರೆ ಯಾವ ತಿಂಗಳಿಗಿಂತಲೂ ಹೆಚ್ಚು.